ಹೆರಿಗೆ ಕೋಣೆಯ ಶುಶ್ರೂಷಕಿ: ಸಂದರ್ಶನಕ್ಕೆ ಮುನ್ನ

ನರ್ಸಿಂಗ್ ಪರೀಕ್ಷೆಗಳ ಫಲಿತಾಂಶ ಬಂದ ಮೇಲಿನ ಕೆಲವು ತಿಂಗಳು ನಮಗೆ ಬರುವ ಪತ್ರಗಳ ಸ್ವರೂಪವೇ ಬದಲಾಗುತ್ತದೆ. ಕೀಲುನೋವು, ಅಜೀರ್ಣ, ನಿದ್ರಾಹೀನತೆಯ ಪ್ರಶ್ನೆಗಳ ನಡುವೆ "ಮಗಳು ಜಿ.ಎನ್.ಎಂ. ಮುಗಿಸಿದ್ದಾಳೆ, ಹೆರಿಗೆ ಆಸ್ಪತ್ರೆಯಿಂದ ಸಂದರ್ಶನಕ್ಕೆ ಕರೆ ಬಂದಿದೆ, ಏನು ಓದಿಕೊಳ್ಳಬೇಕು?" ಎಂಬ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಆರೋಗ್ಯ ವಿಭಾಗದಲ್ಲಿ ಉದ್ಯೋಗದ ಮಾತೇಕೆ ಎಂದು ಕೆಲವರು ಕೇಳಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಒಂದು ಕಾಲಕ್ಕೆ ಸೂಲಗಿತ್ತಿಯ ಕೈಯಲ್ಲಿದ್ದ ಆ ಹೊತ್ತು ಈಗ ಶುಶ್ರೂಷಕಿಯ ಕೈಗೆ ಬಂದಿದೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅಂಥವರನ್ನು ಯಾರೂ ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳಲಿಲ್ಲ. ಊರು ವರ್ಷಗಟ್ಟಲೆ ಅವರ ಕೆಲಸ ಕಂಡು ಒಪ್ಪಿಕೊಂಡಿತು. ಇಂದಿನ ಹುಡುಗಿಯನ್ನು ಅರ್ಧ ಗಂಟೆಯಲ್ಲಿ ಕಂಡು ಒಪ್ಪಬೇಕಾಗಿದೆ. ಆ ಅರ್ಧ ಗಂಟೆ ಸರಿಯಾಗಿ ನಡೆದರೆ ಒಳಿತು ಆ ಹುಡುಗಿಯೊಬ್ಬಳಿಗೆ ಮಾತ್ರವಲ್ಲ.

ನಾವು ಓದಿದ ಬಿ.ಎ.ಎಂ.ಎಸ್. ಪಠ್ಯದಲ್ಲಿ ಪ್ರಸೂತಿತಂತ್ರವೂ ಒಂದು ವಿಷಯ. ಅನಂತರ ಹೆರಿಗೆ ಆಸ್ಪತ್ರೆಯೊಂದರಲ್ಲಿ ಹಲವು ವರ್ಷ ರಾತ್ರಿಪಾಳಿಯ ವೈದ್ಯವೃತ್ತಿ ಮಾಡಿದೆವು. ಈಚಿನ ವರ್ಷಗಳಲ್ಲಿ ಪ್ರಸೂತಿ ತಜ್ಞರು ಹಾಗೂ ನರ್ಸಿಂಗ್ ಸೂಪರಿಂಟೆಂಡೆಂಟರ ಜೊತೆಗೆ ಆಯ್ಕೆ ಸಮಿತಿಗಳಲ್ಲಿ ಕುಳಿತಿದ್ದೇವೆ. ಮೇಜಿನ ಈಚೆ ಬದಿಯಿಂದ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಔಷಧಗಳ ವಿಷಯದಲ್ಲಿ ನಮ್ಮ ಶಾಸ್ತ್ರವನ್ನು ಇಲ್ಲಿ ತರುವುದಿಲ್ಲ. ಇಂದಿನ ಹೆರಿಗೆ ಕೋಣೆ ಆಧುನಿಕ ಪ್ರಸೂತಿಶಾಸ್ತ್ರದ ಕ್ರಮದಂತೆ ನಡೆಯುತ್ತದೆ, ಸಂದರ್ಶನವೂ ಹಾಗೆಯೇ.

ಇತರ ವಾರ್ಡುಗಳಿಗೂ ಲೇಬರ್ ವಾರ್ಡಿಗೂ ಇರುವ ವ್ಯತ್ಯಾಸವನ್ನು ಮೊದಲು ಮನಗಾಣಬೇಕು. ಇತರ ಕಡೆ ಮಂಚದ ಮೇಲೆ ಇರುವುದು ಒಂದು ಜೀವ, ಇಲ್ಲಿ ಎರಡು. ಇತರ ಕಡೆ ಬರುವವರು ರೋಗಿಗಳು. ಇಲ್ಲಿಗೆ ಬರುವವಳು ಬಹುಪಾಲು ಆರೋಗ್ಯವಂತೆ. ಆದರೆ ಆ ಆರೋಗ್ಯ ಕೆಲವೇ ನಿಮಿಷಗಳಲ್ಲಿ ಕೆಡಬಹುದು, ಆ ನಿಮಿಷಗಳಲ್ಲಿ ವೈದ್ಯರು ಪಕ್ಕದಲ್ಲಿಯೇ ಇರುತ್ತಾರೆಂಬ ಭರವಸೆಯಿಲ್ಲ. ಆದುದರಿಂದ ಸಮಿತಿಯವರು ಯಾವ ಪ್ರಶ್ನೆ ಕೇಳಿದರೂ ಅದರ ಹಿಂದೆ ಇರುವುದು ಒಂದೇ ಕುತೂಹಲ: ವೈದ್ಯರು ಬರುವವರೆಗಿನ ಮೊದಲ ಐದು ನಿಮಿಷ ಈ ಹುಡುಗಿ ಏನು ಮಾಡಿಯಾಳು? ಪುಸ್ತಕದ ಪುಟಗಳನ್ನು ಒಪ್ಪಿಸುವವಳಿಗೆ ಈ ಪ್ರಶ್ನೆ ಕಷ್ಟ. ಆ ಐದು ನಿಮಿಷವನ್ನು ಮನಸ್ಸಿನಲ್ಲಿ ಹತ್ತಾರು ಸಲ ನಡೆಸಿ ನೋಡಿದವಳಿಗೆ ಸುಲಭ.

ದಾಖಲೆ ಪುಸ್ತಕದ ಪ್ರಶ್ನೆ

ಬಹುತೇಕ ಸಂದರ್ಶನಗಳಲ್ಲಿ ಹೆಸರು, ಊರು, ಕಾಲೇಜುಗಳ ನಂತರ ಬರುವ ಪ್ರಶ್ನೆ ಇದು: "ಎಷ್ಟು ಹೆರಿಗೆ ಮಾಡಿಸಿದ್ದೀರಿ?" ಇಲ್ಲಿಯೇ ಅನೇಕರು ಎಡವುತ್ತಾರೆ. ನಮ್ಮ ಎಷ್ಟೋ ನರ್ಸಿಂಗ್ ಕಾಲೇಜುಗಳ ವಾಸ್ತವ ಸಮಿತಿಯವರಿಗೆ ತಿಳಿಯದ್ದೇನಲ್ಲ. ಒಂದು ಮಂಚದ ಸುತ್ತ ಆರೇಳು ವಿದ್ಯಾರ್ಥಿನಿಯರು ನಿಲ್ಲುತ್ತಾರೆ. ಎದುರಿನವಳ ಭುಜದ ಮೇಲಿಂದ ಕಂಡದ್ದೂ ದಾಖಲೆ ಪುಸ್ತಕದಲ್ಲಿ ಒಂದು ಹೆರಿಗೆಯಾಗಿ ಸೇರುತ್ತದೆ. ಪುಸ್ತಕದಲ್ಲಿರುವ ಸಂಖ್ಯೆಯನ್ನೇ ಹೇಳಿದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: "ತಲೆ ಹೊರಬಂದ ಮೇಲೆ ಏನು ಮಾಡಿದಿರಿ? ಯಾವ ಭುಜ ಮೊದಲು ಬಂತು?" ಕೈಯಾರೆ ಮಾಡಿದವಳಿಗೆ ಇದರ ಉತ್ತರ ನೆನಪು ಮಾಡಿಕೊಳ್ಳಬೇಕಾದುದೇ ಅಲ್ಲ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿದೆಯೇ ಎಂದು ಬೆರಳಿನಿಂದ ನೋಡುವುದು, ತಲೆ ತಾನಾಗಿ ಪಕ್ಕಕ್ಕೆ ತಿರುಗುವವರೆಗೆ ಕಾಯುವುದು, ಮೇಲಿನ ಭುಜ ಬಿಡಿಸಿಕೊಂಡ ಮೇಲೆ ಕೆಳಗಿನದು, ಇದೆಲ್ಲ ಅವಳ ಕೈಗಳಿಗೇ ಗೊತ್ತಿರುತ್ತದೆ. ನೂರರ ಸಮೀಪದ ಸಂಖ್ಯೆ ಹೇಳಿದ ಹುಡುಗಿಯೊಬ್ಬಳು ಈ ಪ್ರಶ್ನೆಗೆ ತಲೆ ತಗ್ಗಿಸಿದ್ದನ್ನು ನಾವು ಕಂಡಿದ್ದೇವೆ. ಅದೇ ದಿನ ಇನ್ನೊಬ್ಬಳು, "ಇಪ್ಪತ್ತು ಕಂಡಿದ್ದೇನೆ, ಎಂಟರಲ್ಲಿ ಸಿಸ್ಟರ್‌ಗೆ ಕೈಜೋಡಿಸಿದ್ದೇನೆ, ನಾಲ್ಕನ್ನು ಅವರು ಪಕ್ಕದಲ್ಲಿ ನಿಂತಿರುವಾಗ ನಾನೇ ಮಾಡಿಸಿದ್ದೇನೆ" ಎಂದಳು. ಆ ನಾಲ್ಕರಲ್ಲಿ ಒಂದನ್ನು ವಿವರಿಸಲು ಹೇಳಿದಾಗ ತಾಯಿ ಎಷ್ಟನೆಯ ಬಸುರಿ ಎಂಬುದರಿಂದ ಹಿಡಿದು ಮಾಸು ಬಂದದ್ದು ಎಷ್ಟು ನಿಮಿಷಕ್ಕೆ ಎಂಬುದರವರೆಗೆ ಹೇಳಿದಳು. ಆಯ್ಕೆಯಾದವಳು ಯಾರೆಂದು ಬರೆಯಬೇಕಾಗಿಲ್ಲ.

ಆದ್ದರಿಂದ ಸಂದರ್ಶನಕ್ಕೆ ಒಂದು ವಾರ ಮೊದಲು ದಾಖಲೆ ಪುಸ್ತಕ ತೆರೆದುಕೊಂಡು ಕುಳಿತು, ಕಂಡದ್ದು, ಕೈಜೋಡಿಸಿದ್ದು, ಮೇಲ್ವಿಚಾರಣೆಯಲ್ಲಿ ತಾನೇ ಮಾಡಿದ್ದು ಎಂದು ಮೂರಾಗಿ ವಿಂಗಡಿಸಿಕೊಳ್ಳಬೇಕು. ಮೂರನೆಯ ಪಟ್ಟಿಯಲ್ಲಿರುವ ಒಂದೊಂದನ್ನೂ ನೆನಪಿಗೆ ತಂದುಕೊಳ್ಳಬೇಕು. ಪಟ್ಟಿ ಚಿಕ್ಕದಿದ್ದರೆ ನಾಚಿಕೆಪಡಬೇಕಾದುದಿಲ್ಲ. ಹೊಸಬಳೆಂದು ತಿಳಿದೇ ಕರೆದಿರುತ್ತಾರೆ. ಸಮಿತಿಗೆ ಭಯವಿರುವುದು ಅನುಭವ ಕಡಿಮೆಯಿರುವವಳ ಬಗ್ಗೆ ಅಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳಿ ರಾತ್ರಿ ಎರಡು ಗಂಟೆಗೆ ಹಾಗೆಯೇ ನಡೆದುಕೊಳ್ಳುವವಳ ಬಗ್ಗೆ.

ರಕ್ತಸ್ರಾವ

ವಿಷಯಜ್ಞಾನದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಓದಿಕೊಳ್ಳಲು ಸಮಯವಿದ್ದರೆ ಹೆರಿಗೆಯ ನಂತರದ ರಕ್ತಸ್ರಾವವನ್ನೇ ಓದಿಕೊಳ್ಳಬೇಕೆಂದು ನಾವು ಹೇಳುತ್ತೇವೆ. ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: "ಹೆರಿಗೆಯಾಗಿ ಇಪ್ಪತ್ತು ನಿಮಿಷವಾಗಿದೆ. ಕೆಳಗಿನ ಬಟ್ಟೆ ತೋಯುತ್ತಿದೆ. ಡಾಕ್ಟರ್ ಮೇಲಿನ ಮಹಡಿಯಲ್ಲಿ ಸಿಸೇರಿಯನ್ ಮಾಡುತ್ತಿದ್ದಾರೆ. ನೀವೇನು ಮಾಡುತ್ತೀರಿ?" ಹತ್ತರಲ್ಲಿ ಆರು ಮಂದಿ "ಡಾಕ್ಟರಿಗೆ ತಿಳಿಸುತ್ತೇನೆ" ಎಂದು ಹೇಳಿ ನಿಲ್ಲಿಸುತ್ತಾರೆ. ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಸಾಲದು.

ಕಾರಣ ತಿಳಿದರೆ ಕ್ರಮ ತಾನಾಗಿ ನೆನಪಿರುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರು, ಕೆಲವೊಮ್ಮೆ ಅದಕ್ಕೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತದೆ. ಅವುಗಳನ್ನು ಮುಚ್ಚಲು ನಿಸರ್ಗ ಇಟ್ಟಿರುವ ಉಪಾಯ ಒಂದೇ: ಗರ್ಭಕೋಶದ ಸ್ನಾಯುವಿನ ಎಳೆಗಳು ಬಿಗಿದು ನಾಳಗಳನ್ನು ಹಿಂಡಿ ಮುಚ್ಚುವುದು. ಸ್ನಾಯು ಸಡಿಲವಾಗಿ ಉಳಿದರೆ ನಲ್ಲಿ ತೆರೆದಂತೆಯೇ. ಆದುದರಿಂದ ಮೊದಲ ಕೆಲಸ ತಾಯಿಯ ಪಕ್ಕ ಬಿಡದೆ ಕೂಗಿ ಸಹಾಯಕ್ಕೆ ಕರೆಯುವುದು. ಅದೇ ಉಸಿರಿನಲ್ಲಿ ಕೈ ಹೊಟ್ಟೆಯ ಮೇಲೆ ಹೋಗಬೇಕು. ಗರ್ಭಕೋಶ ಮೆತ್ತಗಿದ್ದರೆ ಅದು ಗಟ್ಟಿಯಾಗುವವರೆಗೆ ತಿಕ್ಕಬೇಕು. ಬಂದವರಲ್ಲಿ ಒಬ್ಬರು ದಪ್ಪ ಸೂಜಿಯ ಎರಡು ಐ.ವಿ. ಹಾಕಬೇಕು, ಗುಂಪು ಮತ್ತು ಹೊಂದಾಣಿಕೆ ಪರೀಕ್ಷೆಗೆ ರಕ್ತ ತೆಗೆಯಬೇಕು, ಆಸ್ಪತ್ರೆಯ ಲಿಖಿತ ಕ್ರಮದಂತೆ ಆಕ್ಸಿಟೋಸಿನ್ ಡ್ರಿಪ್ ಪ್ರಾರಂಭಿಸಬೇಕು. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಬಿಗಿಯಲು ಬಿಡುವುದಿಲ್ಲ, ಆದ್ದರಿಂದ ಕ್ಯಾಥೆಟರ್ ಹಾಕಿ ಖಾಲಿ ಮಾಡಬೇಕು. ಮಾಸು ಪೂರ್ತಿ ಬಂದಿದೆಯೇ ಎಂದು ಇನ್ನೊಮ್ಮೆ ನೋಡಬೇಕು. ಗರ್ಭಕೋಶ ಗಟ್ಟಿಯಾಗಿದ್ದೂ ರಕ್ತ ಹರಿಯುತ್ತಿದ್ದರೆ ಎಲ್ಲಿಯೋ ಹರಿದಿದೆ ಎಂದು ತಿಳಿಯಬೇಕು. ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ರಕ್ತನಾಳದ ಮೂಲಕ ನಿಧಾನವಾಗಿ ಕೊಡುವುದಿದ್ದರೆ ಹೆರಿಗೆಯಾದ 3 ಗಂಟೆಯೊಳಗೇ ಕೊಡಬೇಕು ಎಂಬುದನ್ನೂ ಹೇಳಿದರೆ ಸಮಿತಿಯವರು ಪೆನ್ನು ಕೈಗೆತ್ತಿಕೊಳ್ಳುತ್ತಾರೆ.

ಇದರ ಜೊತೆಗೆ ಬರುವ ಉಪಪ್ರಶ್ನೆಗಳು ಬಹಳ. ಎಷ್ಟು ರಕ್ತ ಹೋದರೆ ಅಪಾಯ? ಸಹಜ ಹೆರಿಗೆಯಲ್ಲಿ 500 ಮಿ.ಲೀ., ಸಿಸೇರಿಯನ್‌ನಲ್ಲಿ 1000 ಮಿ.ಲೀ. ಎಂಬುದು ಪುಸ್ತಕದ ಗೆರೆ. ಆದರೆ ಅದೇ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದೆ. ಅಂಥ ತಾಯಿ 500ಕ್ಕಿಂತ ಮೊದಲೇ ಕುಸಿಯಬಹುದು ಎಂದು ಸೇರಿಸಿದವಳು ಯೋಚಿಸುವವಳು. ಆಕ್ಸಿಟೋಸಿನ್ ಎಲ್ಲಿಡುತ್ತೀರಿ? 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ರೆಫ್ರಿಜರೇಟರಿನಲ್ಲಿ. ಬೇಸಗೆಯಲ್ಲಿ ಟ್ರೇಯಲ್ಲಿ ಬಿದ್ದಿದ್ದ ಔಷಧದ ಶಕ್ತಿ ಕುಂದುತ್ತದೆ. ರಕ್ತದೊತ್ತಡ ಹೆಚ್ಚಿರುವ ತಾಯಿಗೆ ಮೆಥರ್ಜಿನ್ ಕೊಡಬಹುದೇ? ಕೂಡದು. ಆಸ್ತಮಾ ಇರುವವಳಿಗೆ ಕಾರ್ಬೊಪ್ರೊಸ್ಟ್? ಅದೂ ಕೂಡದು. ರಕ್ತಸ್ರಾವವನ್ನು ತಡೆಯಲು ಪ್ರತಿ ಹೆರಿಗೆಯಲ್ಲಿಯೂ ಮಾಡಬೇಕಾದುದೇನು? ಮಗು ಹುಟ್ಟಿದ ಒಂದು ನಿಮಿಷದೊಳಗೆ, ಒಳಗೆ ಇನ್ನೊಂದು ಮಗು ಇಲ್ಲವೆಂದು ಖಚಿತಪಡಿಸಿಕೊಂಡು, ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ. "ಇನ್ನೊಂದು ಮಗು ಇಲ್ಲವೆಂದು" ಎಂಬ ಮಾತನ್ನು ಬಿಟ್ಟುಬಿಡುವವರೇ ಹೆಚ್ಚು.

ಈ ವಿಷಯದಲ್ಲಿ ನಮ್ಮ ನಾಡಿನದೇ ಒಂದು ಅಧ್ಯಯನವನ್ನು ಹೊಸ ಶುಶ್ರೂಷಕಿಯರು ತಿಳಿದಿರಬೇಕು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ವಿದೇಶದ ಸಂಶೋಧಕರೂ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರ ಮೇಲೆ ನಡೆಸಿದ ಈ ಪರೀಕ್ಷೆ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ 600 ಮೈಕ್ರೋಗ್ರಾಂ ನುಂಗಿಸಿದಾಗ ರಕ್ತಸ್ರಾವಕ್ಕೆ ಒಳಗಾದವರ ಪ್ರಮಾಣ ಶೇಕಡ 12ರಿಂದ 6.4ಕ್ಕೆ ಇಳಿಯಿತು. ಆ ಹೆರಿಗೆಗಳನ್ನು ಮಾಡಿಸಿ ಮಾತ್ರೆ ಕೊಟ್ಟವರು ತಜ್ಞ ವೈದ್ಯರಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಎ.ಎನ್.ಎಂ. ಸಹೋದರಿಯರು. ಶುಶ್ರೂಷಕಿಯ ಕೈಗೆ ಸರಿಯಾದ ಸಾಧನ, ಸರಿಯಾದ ತರಬೇತಿ ಸಿಕ್ಕರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಉಳಿದ ಮೂರು

ರಕ್ತಸ್ರಾವದ ನಂತರ ಸೆಳವು. ಬಿ.ಪಿ. ಹೆಚ್ಚಿರುವ ಗರ್ಭಿಣಿಗೆ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಬಳಿ ನೋವು ಕಾಣಿಸಿಕೊಂಡರೆ ಸೆಳವು ದೂರವಿಲ್ಲ. ಸೆಳವು ಬಂದಾಗ ಎಡಮಗ್ಗುಲಿಗೆ ತಿರುಗಿಸುವುದು, ಉಸಿರಿನ ದಾರಿ ತೆರವಾಗಿರುವಂತೆ ನೋಡಿಕೊಳ್ಳುವುದು, ಬೀಳದಂತೆ ಕಾಯುವುದು, ಆಮ್ಲಜನಕ, ಅನಂತರ ಮೆಗ್ನೀಸಿಯಮ್ ಸಲ್ಫೇಟ್. (ಸಂಬಂಧಿಕರು ಕೈಗೆ ಬೀಗದ ಕೈ ಗೊಂಚಲು ಹಿಡಿಸಲು ಬರುತ್ತಾರೆ. ಗದರಿಸದೆ ಹೊರಗೆ ಕಳುಹಿಸುವುದೂ ಒಂದು ಕೌಶಲವೇ.) ಇಲ್ಲಿ ಲೆಕ್ಕ ಕೇಳುವುದು ವಾಡಿಕೆ. ಶೇಕಡ 50ರ 2 ಮಿ.ಲೀ. ಆಂಪ್ಯೂಲಿನಲ್ಲಿ 1 ಗ್ರಾಂ ಇರುತ್ತದೆ. 4 ಗ್ರಾಂ ಎಂದರೆ 8 ಮಿ.ಲೀ.; ಅದಕ್ಕೆ 12 ಮಿ.ಲೀ. ಸೇರಿಸಿದರೆ ಶೇಕಡ 20ರ 20 ಮಿ.ಲೀ. ದ್ರಾವಣ. ಅದು ರಕ್ತನಾಳಕ್ಕೆ, ನಿಧಾನವಾಗಿ. ಪ್ರಿಚರ್ಡ್ ಕ್ರಮದಲ್ಲಿ ಇದರೊಂದಿಗೆ ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ ಶೇಕಡ 50ರ ದ್ರಾವಣ, ಅನಂತರ 4 ಗಂಟೆಗೊಮ್ಮೆ 5 ಗ್ರಾಂ. ಪ್ರತಿ ಸಲ ಕೊಡುವ ಮುನ್ನ ಮಂಡಿಯ ಪ್ರತಿವರ್ತನೆ ಇದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿಲ್ಲವೇ, ಮೂತ್ರ ಗಂಟೆಗೆ 30 ಮಿ.ಲೀ.ಯಾದರೂ ಬರುತ್ತಿದೆಯೇ ಎಂದು ನೋಡಬೇಕು. ಉಸಿರು ಕುಗ್ಗಿದರೆ ಮದ್ದು ನಿಲ್ಲಿಸಿ ಕ್ಯಾಲ್ಸಿಯಂ ಗ್ಲುಕೊನೇಟ್ 1 ಗ್ರಾಂ ನಿಧಾನವಾಗಿ. ಅದು ಟ್ರೇಯಲ್ಲಿ ಮೊದಲೇ ಸಿದ್ಧವಿರಬೇಕು, ಹುಡುಕುವಂತಿರಬಾರದು. ಈ ಲೆಕ್ಕವನ್ನು ಕಾಗದದ ಮೇಲೆ ನಾಲ್ಕು ಸಲ ಮಾಡಿ ನೋಡಿದರೆ ಸಂದರ್ಶನದಲ್ಲಿ ನಾಲಿಗೆ ತಡವರಿಸುವುದಿಲ್ಲ.

ಪಾರ್ಟೋಗ್ರಾಫ್ ಅನ್ನು ವಿವರಿಸಿ ಎಂದರೆ ವ್ಯಾಖ್ಯಾನ ಹೇಳುವ ಬದಲು "ಒಂದು ಹಾಳೆ ಕೊಡಿ, ಬರೆದು ತೋರಿಸುತ್ತೇನೆ" ಎನ್ನುವುದು ಉತ್ತಮ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಸರಳ ನಮೂನೆಯಲ್ಲಿ ಗರ್ಭಕಂಠ 4 ಸೆಂ.ಮೀ. ತೆರೆದಾಗಿನಿಂದ ಗುರುತಿಸಲು ತೊಡಗುತ್ತಾರೆ. ಎಚ್ಚರಿಕೆಯ ಗೆರೆಯಿಂದ 4 ಗಂಟೆ ಬಲಕ್ಕೆ ಕ್ರಿಯೆಯ ಗೆರೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರತಂದ ಹೊಸ ನಮೂನೆಯಲ್ಲಿ ಸಕ್ರಿಯ ಹಂತ 5 ಸೆಂ.ಮೀ.ನಿಂದ ಪ್ರಾರಂಭ. ಎರಡನ್ನೂ ತಿಳಿದು, "ಇಲ್ಲಿ ಯಾವುದನ್ನು ಬಳಸುತ್ತೀರಿ?" ಎಂದು ಕೇಳಿದವಳಿಗೆ ಅಂಕ ಕಡಿಮೆಯಾಗುವುದಿಲ್ಲ. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160. ಮೊದಲ ಹಂತದಲ್ಲಿ ಕನಿಷ್ಠ ಅರ್ಧ ಗಂಟೆಗೊಮ್ಮೆ, ತಾಯಿ ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಕೇಳಬೇಕು.

ಮಗುವಿನ ವಿಷಯದಲ್ಲಿ ಒಂದು ಜಾಣ ಪ್ರಶ್ನೆ ಬರುತ್ತದೆ: "ಮಗು ಅಳಲಿಲ್ಲ. ಎಪ್ಗಾರ್ ಅಂಕ ಎಷ್ಟಿದ್ದರೆ ಉಸಿರು ಕೊಡಲು ತೊಡಗುತ್ತೀರಿ?" ಅಂಕ ಹೇಳಿದವರು ಬಲೆಗೆ ಬಿದ್ದಂತೆ. ಆ ಅಂಕವನ್ನು ಎಣಿಸುವುದು 1ನೆಯ ಮತ್ತು 5ನೆಯ ನಿಮಿಷದಲ್ಲಿ. ಉಸಿರಾಡದ ಮಗು ಅಲ್ಲಿಯವರೆಗೆ ಕಾಯಲಾರದು. ಒರೆಸುವುದು, ಬೆಚ್ಚಗಿಡುವುದು, ತಲೆಯನ್ನು ಸರಿಯಾದ ಭಂಗಿಯಲ್ಲಿಡುವುದು, ಬೇಕಾದರೆ ಮೊದಲು ಬಾಯಿ, ಅನಂತರ ಮೂಗು ಶುಚಿಗೊಳಿಸುವುದು, ಬೆನ್ನು ತಿಕ್ಕುವುದು; ಆದರೂ ಉಸಿರಿಲ್ಲದಿದ್ದರೆ ಮೊದಲ ನಿಮಿಷ ಮುಗಿಯುವುದರೊಳಗೆ ಬ್ಯಾಗ್ ಮತ್ತು ಮಾಸ್ಕ್. ಬ್ಯಾಗ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಹೆರಿಗೆಗೆ ಮೊದಲೇ ಅಂಗೈಗೆ ಒತ್ತಿ ನೋಡಿರಬೇಕು. ಅಳುವ ಮಗುವಾದರೆ ಇದಾವುದೂ ಬೇಡ: ಒರೆಸಿ ತಾಯಿಯ ಎದೆಯ ಮೇಲೆ, ಬಳ್ಳಿ ಕತ್ತರಿಸುವುದು 1ರಿಂದ 3 ನಿಮಿಷದ ನಂತರ, ಎದೆಹಾಲು ಮೊದಲ ಗಂಟೆಯೊಳಗೆ.

ಇವೆಲ್ಲ ಓದಿದವರಿಗೆಲ್ಲ ಗೊತ್ತಿರುವ ಸಂಗತಿಗಳೇ. ಗೊತ್ತಿರುವುದು ಬೇರೆ, ಪ್ರತಿ ಸಲವೂ ಮಾಡುವುದು ಬೇರೆ. 2010ರಲ್ಲಿ ಕರ್ನಾಟಕದ ಒಂದು ಉಪಜಿಲ್ಲಾ ಮಟ್ಟದ ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ಪರಿಶೀಲನಾ ಪಟ್ಟಿಯನ್ನು ಪ್ರಯೋಗಿಸಿ ನೋಡಿದರು. ಮಾಡಲೇಬೇಕಾದ 29 ಕ್ರಮಗಳಲ್ಲಿ ಅದಕ್ಕೆ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25 ನಡೆದವು. ಸಿಬ್ಬಂದಿ ಅವರೇ, ಕಟ್ಟಡ ಅದೇ. "ಮರೆಯದಿರಲು ಏನು ಮಾಡುತ್ತೀರಿ?" ಎಂಬ ಪ್ರಶ್ನೆಗೆ "ಚೆನ್ನಾಗಿ ಓದಿಕೊಂಡಿದ್ದೇನೆ" ಎನ್ನುವುದಕ್ಕಿಂತ "ಪಟ್ಟಿ ನೋಡಿ ಗುರುತು ಹಾಕುತ್ತೇನೆ" ಎನ್ನುವುದು ನಿಜವಾದ ಉತ್ತರ.

ಫೋನಿನಲ್ಲಿ ಹೇಳುವ ಮಾತು

ವೈದ್ಯರನ್ನು ಕರೆಯುವ ರೀತಿಯನ್ನು ಈಗ ಬಹಳ ಕಡೆ ಪರೀಕ್ಷಿಸುತ್ತಾರೆ. ರಾತ್ರಿಪಾಳಿಯಲ್ಲಿ ನಾವೇ ಕೇಳಿಸಿಕೊಂಡಿರುವ ಮಾತು: "ಸರ್, ಪೇಷೆಂಟ್ ಯಾಕೋ ಸರಿ ಇಲ್ಲ, ಬನ್ನಿ." ನಿದ್ದೆಯಿಂದ ಎದ್ದವರಿಗೆ ಇದರಿಂದ ಓಡಬೇಕೋ ನಡೆಯಬೇಕೋ ತಿಳಿಯುವುದಿಲ್ಲ. ಇದನ್ನೇ ಹೀಗೆ ಹೇಳಬಹುದು: "ಮೇಡಂ, ಲೇಬರ್ ವಾರ್ಡಿನಿಂದ ಸ್ಟಾಫ್ ನರ್ಸ್ ಮಾತನಾಡುತ್ತಿದ್ದೇನೆ. ಎರಡನೇ ಬೆಡ್ಡಿನ ತಾಯಿಗೆ ಒಂದೂ ಹತ್ತಕ್ಕೆ ಹೆರಿಗೆಯಾಯಿತು, ಎರಡನೇ ಮಗು, ಮಾಸು ಪೂರ್ತಿ ಬಂದಿದೆ. ಈಗ ಬ್ಲೀಡಿಂಗ್ ಹೆಚ್ಚಿದೆ, ಸುಮಾರು 600 ಮಿ.ಲೀ. ಹೋಗಿದೆ. ನಾಡಿ 118, ಬಿ.ಪಿ. 96/60. ಗರ್ಭಕೋಶ ಮೆತ್ತಗಿದೆ, ತಿಕ್ಕುತ್ತಿದ್ದೇವೆ, ಆಕ್ಸಿಟೋಸಿನ್ ಡ್ರಿಪ್ ಓಡುತ್ತಿದೆ. ನೀವು ಕೂಡಲೇ ಬರಬೇಕು. ಬ್ಲಡ್ ಬ್ಯಾಂಕಿಗೆ ಹೇಳಲೇ?" ಯಾರು, ಹಿಂದೆ ಏನಾಗಿದೆ, ಈಗ ಏನು ಕಾಣುತ್ತಿದೆ, ನನಗೆ ಏನು ಬೇಕು, ಈ ನಾಲ್ಕು ಕ್ರಮವಾಗಿ ಬರಬೇಕು. ಇದನ್ನು ಮನೆಯಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಬೇಕು. ತಂಗಿಯನ್ನೋ ಗೆಳತಿಯನ್ನೋ ವೈದ್ಯರ ಜಾಗದಲ್ಲಿ ಕೂರಿಸಿಕೊಳ್ಳಿ, ದಿಂಬನ್ನೇ ಗರ್ಭಕೋಶವೆಂದು ತಿಳಿದು ಒಂದು ಕೈ ಅದರ ಮೇಲಿಟ್ಟುಕೊಂಡು ಮಾತನಾಡಿ. ನಗು ಬರುತ್ತದೆ, ಬರಲಿ. ಮನಸ್ಸಿನಲ್ಲಿ ಓದಿಕೊಂಡದ್ದು ಭಯದಲ್ಲಿ ಹಾರಿಹೋಗುತ್ತದೆ. ಬಾಯಿಯಿಂದಲೂ ಕೈಯಿಂದಲೂ ಆಡಿ ನೋಡಿದ್ದು ಉಳಿಯುತ್ತದೆ.

ಇಂಗ್ಲಿಷಿನ ಅಳುಕು ನಮ್ಮ ಹಳ್ಳಿಗಳ ಹುಡುಗಿಯರಿಗೆ ದೊಡ್ಡದು. ಔಷಧ ಮತ್ತು ಉಪಕರಣಗಳ ಹೆಸರನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಲು ಬರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಉಳಿದ ವಾಕ್ಯ ಬಾರದಿದ್ದರೆ "ಕನ್ನಡದಲ್ಲಿ ಹೇಳಬಹುದೇ?" ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಬ್ಯಾನಿ ಯಾವಾಗಿನಿಂದ ಶುರುವಾಯಿತು, ನೀರು ಹೋಯಿತೇ, ಕೂಸು ಹೊಟ್ಟೆಯಲ್ಲಿ ಆಡುತ್ತಿದೆಯೇ ಎಂದು ತಾಯಿಗೆ ತಿಳಿಯುವ ಮಾತಿನಲ್ಲಿ ಕೇಳಬಲ್ಲವಳು ಆಸ್ಪತ್ರೆಗೆ ಅಷ್ಟೇ ಬೇಕಾದವಳು.

ನಡತೆಯ ಪ್ರಶ್ನೆಗಳು

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಪರಿಚಾರಕರಿಗೆ ನಾಲ್ಕು ಗುಣಗಳನ್ನು ಹೇಳಿದೆ: ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ. ಅರಿವು ಮತ್ತು ದಕ್ಷತೆಗಳ ಮಾತು ಆಯಿತು. ಶೌಚವನ್ನು ಪರೀಕ್ಷಿಸಲು ಕೈ ತೊಳೆಯುವ ಕ್ರಮವನ್ನು ಮಾಡಿ ತೋರಿಸಲು ಹೇಳುತ್ತಾರೆ. ಅನುರಾಗವನ್ನು ಅಳೆಯುವುದು ಕಷ್ಟ, ಆದರೂ ಪ್ರಯತ್ನಿಸುತ್ತಾರೆ. "ತಾಯಿ ಚೀರುತ್ತಾಳೆ, ಕೈ ಝಾಡಿಸುತ್ತಾಳೆ, ಹೇಳಿದ ಮಾತು ಕೇಳುವುದಿಲ್ಲ. ಏನು ಮಾಡುತ್ತೀರಿ?" ನಮ್ಮ ಹೆರಿಗೆ ಕೋಣೆಗಳಲ್ಲಿ ಗದರುವುದು, ತೊಡೆಗೆ ಹೊಡೆಯುವುದು, ಆಡಬಾರದ ಮಾತು ಆಡುವುದು ಇಂದಿಗೂ ನಿಂತಿಲ್ಲವೆಂದು ಓದುಗ ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ. ಕೇಂದ್ರ ಸರಕಾರ 2017ರಲ್ಲಿ ಪ್ರಾರಂಭಿಸಿದ ಲಕ್ಷ್ಯ ಕಾರ್ಯಕ್ರಮದಲ್ಲಿ ತಾಯಿಯನ್ನು ಗೌರವದಿಂದ ನಡೆಸಿಕೊಳ್ಳುವುದೂ ಅವಳಿಗೆ ಬೇಕಾದ ಒಬ್ಬರು ಜೊತೆಗಿರುವುದೂ ಗುಣಮಟ್ಟದ ಭಾಗವೇ ಆಗಿವೆ. "ಸಮಾಧಾನ ಮಾಡುತ್ತೇನೆ" ಎಂಬ ಉತ್ತರ ಪೊಳ್ಳಾಗಿ ಕೇಳಿಸುತ್ತದೆ. "ಅವಳ ಅವ್ವನನ್ನು ಒಳಗೆ ಕರೆಸುತ್ತೇನೆ, ಮುಂದೆ ಏನಾಗುತ್ತದೆಂದು ಒಂದೊಂದೇ ಹೇಳುತ್ತೇನೆ, ನೋವು ಬಿಟ್ಟಾಗ ನೀರು ಕುಡಿಸುತ್ತೇನೆ, ಮಗ್ಗುಲು ಬದಲಿಸಲು ಬಿಡುತ್ತೇನೆ" ಎಂದರೆ ಅಲ್ಲಿ ಒಬ್ಬ ಮನುಷ್ಯಳು ಕಾಣುತ್ತಾಳೆ.

ಇದಕ್ಕಿಂತ ಕಠಿಣವಾದುದು ಇನ್ನೊಂದಿದೆ. "ಹಿರಿಯ ಸಿಸ್ಟರ್ ತಾಯಿಯ ಹೊಟ್ಟೆಯನ್ನು ಮೇಲಿನಿಂದ ಒತ್ತಿ ಮಗುವನ್ನು ಹೊರಡಿಸುತ್ತಿದ್ದಾರೆ. ನೀವು ಬಂದು ಎರಡು ವಾರವಾಗಿದೆ. ಏನು ಮಾಡುತ್ತೀರಿ?" ಹಾಗೆ ಒತ್ತುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆನ್ನುತ್ತದೆ, ಗರ್ಭಕೋಶ ಹರಿಯುವ ಅಪಾಯವುಂಟು. ಹಿರಿಯರಿಗೆ ಎದುರಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದ ಹುಡುಗಿ ಇಲ್ಲಿ ಮೌನವಾಗುತ್ತಾಳೆ. ತಾಯಿಯ ಎದುರಿಗೆ ಜಗಳವಾಡದೆ, "ಸಿಸ್ಟರ್, ಎದೆಬಡಿತ ನೋಡುತ್ತೇನೆ, ಡಾಕ್ಟರನ್ನು ಕರೆಯಲೇ?" ಎಂದು ಆ ಕ್ಷಣದಲ್ಲಿ ಕೈ ತಡೆಯುವ ದಾರಿ ಹುಡುಕುವುದು, ಅನಂತರ ವಾರ್ಡಿನ ಮುಖ್ಯಸ್ಥರಿಗೆ ತಿಳಿಸುವುದು ನಮಗೆ ಸರಿಯೆನಿಸುತ್ತದೆ. ಮೌನವಾಗಿರುತ್ತೇನೆ ಎಂಬ ಉತ್ತರವನ್ನು ವಿನಯವೆಂದು ಮೆಚ್ಚುವ ಸಮಿತಿಗಳೂ ಇವೆ. ಅಂಥ ಕಡೆ ಕೆಲಸ ಸಿಗದಿದ್ದರೆ ನಷ್ಟವೇನೂ ಇಲ್ಲ.

ಹೆಣ್ಣು ಮಗು ಹುಟ್ಟಿದಾಗ ಮುಖ ಬಾಡಿಸಿಕೊಂಡ ಅತ್ತೆ, ಗಂಡು ಹುಟ್ಟಿದಾಗ ಆಯಾಗಳು ಕೇಳುವ ಬಕ್ಷೀಸು, ಹುಟ್ಟುತ್ತಲೇ ತೀರಿಕೊಂಡ ಮಗುವಿನ ತಾಯಿಯನ್ನು ಯಾವ ಮಂಚಕ್ಕೆ ಹಾಕಬೇಕು ಎಂಬ ಪ್ರಶ್ನೆಗಳೂ ಬರುತ್ತವೆ. ಕೊನೆಯದಕ್ಕೆ, ಹಾಲೂಡುವ ಬಾಣಂತಿಯರ ಸಾಲಿನಿಂದ ದೂರ, ಎಂದು ತಡವಿಲ್ಲದೆ ಹೇಳಿದ ಹುಡುಗಿಯೊಬ್ಬಳನ್ನು ನಾವು ಮರೆತಿಲ್ಲ.

ಕಾಗದಪತ್ರ, ಮತ್ತು ನೀವು ಕೇಳಬೇಕಾದುದು

ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಪತ್ರ, ಅಂಕಪಟ್ಟಿಗಳು, ದಾಖಲೆ ಪುಸ್ತಕ, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ, ಇವುಗಳ ಮೂಲಪ್ರತಿ ಮತ್ತು ಎರಡೆರಡು ನಕಲು ಇರಲಿ. ನೋಂದಣಿ ಶುಶ್ರೂಷಕಿಯೆಂದೂ ಪ್ರಸೂತಿ ಸಹಾಯಕಿಯೆಂದೂ, ಅಂದರೆ ಆರ್.ಎನ್., ಆರ್.ಎಂ. ಎರಡೂ ಆಗಿದೆಯೇ ನೋಡಿಕೊಳ್ಳಿ. ಮೂಲಪ್ರತಿಗಳನ್ನು ತೋರಿಸಿ, ಬಿಟ್ಟುಬರಬೇಡಿ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮೂಲ ಪ್ರಮಾಣಪತ್ರಗಳನ್ನು ಬೀರುವಿನಲ್ಲಿಟ್ಟುಕೊಂಡು, ಬಿಟ್ಟುಹೋಗುವಾಗ ಹಣ ಕೇಳುವ ನರ್ಸಿಂಗ್ ಹೋಮುಗಳನ್ನು ನಾವು ಕಂಡಿದ್ದೇವೆ. ನಮ್ಮ ಪರಿಚಯದ ಕುಟುಂಬದ ಹುಡುಗಿಯೊಬ್ಬಳಿಗೆ ಸರಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂದಾಗ ಅವಳ ಅಂಕಪಟ್ಟಿ ಇನ್ನೊಬ್ಬರ ಬೀಗದೊಳಗಿತ್ತು. ತಂದೆ ಸಾಲ ಮಾಡಿ ಬಿಡಿಸಿಕೊಂಡು ಬಂದರು.

"ನಿಮಗೇನಾದರೂ ಕೇಳುವುದಿದೆಯೇ?" ಎಂದಾಗ "ಇಲ್ಲ ಸರ್" ಎಂದು ಎದ್ದುಬರುವುದು ನಮ್ಮವರ ರೂಢಿ. ಕೇಳಬೇಕು. ಮೊದಲ ಎಷ್ಟು ವಾರ ಹಿರಿಯ ಶುಶ್ರೂಷಕಿಯ ಜೊತೆಗೆ ಹಾಕುತ್ತೀರಿ? ರಾತ್ರಿಪಾಳಿಯಲ್ಲಿ ಎಷ್ಟು ತಾಯಂದಿರಿಗೆ ಎಷ್ಟು ಮಂದಿ ಇರುತ್ತಾರೆ? ವೈದ್ಯರು ಆವರಣದಲ್ಲಿಯೇ ಇರುತ್ತಾರೆಯೇ, ಫೋನ್ ಮಾಡಿ ಕರೆಸಬೇಕೇ? ರಕ್ತ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ? ಕರಾರುಪತ್ರ ಇದೆಯೇ, ಭವಿಷ್ಯನಿಧಿ ಕಟ್ಟುತ್ತೀರಾ, ವಸತಿ ಎಲ್ಲಿ? ಸೇರಿದ ಮೊದಲ ವಾರದಲ್ಲಿಯೇ ಹೊಸಬಳನ್ನು ರಾತ್ರಿ ಒಬ್ಬಳೇ ಲೇಬರ್ ವಾರ್ಡಿಗೆ ಹಾಕುವ ಆಸ್ಪತ್ರೆ ಸಂಬಳ ಹೆಚ್ಚು ಕೊಟ್ಟರೂ ಬೇಡವೆಂದು ಹೆತ್ತವರಿಗೆ ನಮ್ಮ ಸಲಹೆ. ಅಲ್ಲಿ ಏನಾದರೂ ನಡೆದರೆ ದೂರು ಬರುವುದು ಅವಳ ಮೇಲೆಯೇ.

ಹೊರಡುವ ದಿನ ಉಗುರು ಕತ್ತರಿಸಿರಲಿ. ಬಳೆ, ಉಂಗುರ ಬೇಡ. ಕೈ ತೊಳೆದು ತೋರಿಸಲು ಹೇಳಿದರೆ ಅವೇ ಅಡ್ಡಿ. ಸೆಕೆಂಡಿನ ಮುಳ್ಳಿರುವ ಗಡಿಯಾರ ಜೊತೆಗಿರಲಿ, ಎದೆಬಡಿತ ಎಣಿಸಲು ಕೊಟ್ಟಾರು. ದೂರದ ಊರಾದರೆ ಹಿಂದಿನ ಸಂಜೆಯೇ ತಲಪಿ ಸಂಬಂಧಿಕರ ಮನೆಯಲ್ಲಿ ಉಳಿಯುವುದು ಲೇಸು. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು, ಬೆಳಗ್ಗೆ ಬರೀ ಚಹಾ ಕುಡಿದು ಬಂದು ಸಮಿತಿಯ ಎದುರು ತಲೆಸುತ್ತಿ ಕುಳಿತವರನ್ನು ಪ್ರತಿ ವರ್ಷವೂ ಕಾಣುತ್ತೇವೆ. ಅವರಿಗೆ ಮೊದಲು ನೀರು ಕೊಟ್ಟು, ಉಪ್ಪಿಟ್ಟು ತಿನ್ನಿಸಿ, ಆಮೇಲೆ ಪ್ರಶ್ನೆ ಕೇಳುತ್ತೇವೆ.